ತಂಗಿ ಎದ್ದು ನಡೆದ ಸಿನಿಮಾ

ನನ್ನ ತಮ್ಮ ಹೆಸರು ಮಾಡಿದ್ದೇ ನಮ್ಮ ತಂಗಿಯ ಕಾಯಿಲೆಯಿಂದ. ಒಂಬತ್ತು ವರ್ಷ ಹಾಸಿಗೆ ಹಿಡಿದು ಇಪ್ಪತ್ತಾರಕ್ಕೆ ತೀರಿಕೊಂಡ ಅವಳ ಬಗ್ಗೆ ಅವನು ಬರೆದ ಮೊದಲ ಪುಸ್ತಕವನ್ನು ಚರ್ಚುಗಳಲ್ಲಿ ಜನ ಅಳುತ್ತಾ ಓದಿದರು. ಒಳ್ಳೆಯ ಪುಸ್ತಕವೇ ಅದು. ವಾಸಿಯಾಗದಿದ್ದರೂ ಅವಳು ದೇವರ ಮೇಲೆ ಮುನಿಸಿಕೊಳ್ಳಲಿಲ್ಲ ಎಂದು ಇದ್ದದ್ದನ್ನು ಇದ್ದಹಾಗೆ ಬರೆದಿದ್ದ. ಆಮೇಲೆ ಹನ್ನೊಂದು ಪುಸ್ತಕ, ಊರೂರಲ್ಲಿ ಭಾಷಣ, ಎರಡು ಸಿನಿಮಾ. ಮೂರನೆಯದಕ್ಕೆ ಮತ್ತೆ ತಂಗಿಯ ಕಥೆಗೇ ಬಂದ.

ಬಿಡುಗಡೆಗೆ ಮುಂಚೆ ಎಡಿಟಿಂಗ್ ಕೋಣೆಗೆ ನನ್ನನ್ನು ಕರೆಸಿ ತೋರಿಸಿದ. ತಂಗಿಯ ಪಾತ್ರದ ನಟಿ ಇಸ್ತ್ರಿ ಮಾಡಿದ ಬಿಳಿ ನೈಟಿ ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ಮಲಗಿದ್ದಳು. ತಮ್ಮನ ಪಾತ್ರದವನು ಮಂಡಿಯೂರಿ ಪ್ರಾರ್ಥಿಸಿದ. ಅವಳು ಎದ್ದು ಬಾಗಿಲವರೆಗೆ ನಡೆದೇಬಿಟ್ಟಳು.

ತಂಗಿಯ ಬೆನ್ನಿನ ಹುಣ್ಣು ತೊಳೆದವಳು ನಾನು. ವಾಸನೆಗೆ ಮೂಗು ಮುಚ್ಚಿಕೊಂಡು ಹೊಸ್ತಿಲಿಂದಲೇ "ಹೇಗಿದ್ದೀಯಾ?" ಅನ್ನುತ್ತಿದ್ದವನು ಇವನು.

"ಅವಳು ಯಾವತ್ತು ಕಣೋ ಎದ್ದಿದ್ದು?"

"ಜನಕ್ಕೆ ಭರವಸೆ ಬೇಕು ಅಕ್ಕಾ. ಕೊನೇಲಿ ಸತ್ರೆ ಯಾರು ನೋಡ್ತಾರೆ?"

"ಥೂ! ಏಳದೇನೇ ನಂಬಿದ್ಲು ಕಣೋ ಅವಳು. ಅದನ್ನೇ ಕತ್ತರಿಸಿ ಬಿಸಾಕಿದ್ದೀಯಲ್ಲ!"

ಅವನು ವಾಚು ನೋಡಿಕೊಂಡ.

ಅಮ್ಮನ ಕಾಟಕ್ಕೆ ಮೊದಲ ಪ್ರದರ್ಶನಕ್ಕೂ ಹೋದೆ. ಚಪ್ಪಾಳೆ ನಿಂತ ಮೇಲೆ ಬಡಗಿಯೊಬ್ಬ ಮಗಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ತಮ್ಮನ ಹತ್ತಿರ ಬಂದ.

"ಸಾರ್, ಆ ಪ್ರಾರ್ಥನೆ ಬರ್ದು ಕೊಡ್ತೀರಾ? ಮೂರು ವರ್ಷದಿಂದ ಕೇಳ್ಕೊಳ್ತಾನೇ ಇದೀವಿ. ಇವಳಿಗೇ ನಂಬಿಕೆ ಸಾಲ್ದು ಅಂತಾರೆ ಎಲ್ರೂ."

ತಮ್ಮ ಹುಡುಗಿಯ ತಲೆಯ ಮೇಲೆ ಕೈಯಿಟ್ಟ. ಮುಖ ಮಾತ್ರ ಕ್ಯಾಮೆರಾದ ಕಡೆಗಿತ್ತು. "ಇನ್ನೂ ಗಟ್ಟಿಯಾಗಿ ನಂಬಮ್ಮ," ಅಂದ. ಹುಡುಗಿ ತಲೆ ತಗ್ಗಿಸಿದಳು.

ನನಗೆ ತಡೆಯಲಾಗಲಿಲ್ಲ. "ನಾನು ಇವನ ಅಕ್ಕ," ಎಂದೆ ಎಲ್ಲರಿಗೂ ಕೇಳುವ ಹಾಗೆ. "ನಮ್ಮ ತಂಗಿ ಏಳಲೇ ಇಲ್ಲ. ಹಾಸಿಗೇಲೇ ಹೋದ್ಲು."

ಬಡಗಿಯ ಮುಖ ಕಪ್ಪಿಟ್ಟಿತು. "ಮತ್ತೆ ಇದೆಲ್ಲ ಏನು ಸಾರ್?" ಎಂದು ತಮ್ಮನ ಕಡೆ ತಿರುಗಿದ. ಅವನು ಆಗಲೇ ಇನ್ಯಾರದೋ ಕೈ ಕುಲುಕುತ್ತಿದ್ದ.

ಹುಡುಗಿ ನನ್ನ ಕೈ ಹಿಡಿದಳು. "ಅವರಿಗೂ ನಂಬಿಕೆ ಕಮ್ಮಿ ಇತ್ತಾ ಆಂಟಿ?"

"ಇಲ್ಲ ಮಗಳೇ. ನಮ್ಮನೇಲಿ ಎಲ್ರಿಗಿಂತ ಜಾಸ್ತಿ ಇತ್ತು."

"ನೋಡಪ್ಪಾ," ಎಂದು ಅವಳು ಬಿಕ್ಕಿಬಿಕ್ಕಿ ಅತ್ತಳು. ಬಡಗಿ ಅಲ್ಲೇ ಕುಕ್ಕರಿಸಿ, ಮಗಳ ಮಡಿಲಲ್ಲಿ ಮುಖವಿಟ್ಟ.

ಸಿನಿಮಾ ಚೆನ್ನಾಗಿ ಓಡಿತು. ತಮ್ಮ ನನ್ನ ಜೊತೆ ಮಾತು ಬಿಟ್ಟ. ಒಡಹುಟ್ಟಿದವರ ಬಾಯಲ್ಲೂ ಸೈತಾನ ಮಾತಾಡುತ್ತಾನೆ ಎಂದು ಹೋದಲ್ಲೆಲ್ಲ ಭಾಷಣ ಮಾಡುತ್ತಾನೆ. ಈಗ ಅದನ್ನೇ ಪುಸ್ತಕ ಮಾಡುತ್ತಿದ್ದಾನಂತೆ.