ಭಟ್ಟರ ಪಿಕಪ್ಪಿನ ನಡುಕ

ಕೋಡಿಂಬಾಳದ ಯಜ್ಞೇಶ್ವರ ಭಟ್ಟರ ಪಿಕಪ್ಪಿಗೆ ನಡುಕ ಶುರುವಾದದ್ದು ಅರವತ್ತೆರಡನೇ ಇಸವಿಯ ಮಳೆಗಾಲ ಕಳೆದ ಮೇಲೆ. ಮಿಲಿಟರಿಯವರು ಹರಾಜಿಗೆ ಹಾಕಿದ ಹಳೇ ಗಾಡಿ. ಪುತ್ತೂರಿಗೆ ಅಡಿಕೆ ಹೊರುವುದು ಅದರ ಕೆಲಸ. ವೇಗ ಇಪ್ಪತ್ತೈದು ಮೈಲಿ ದಾಟಿತೋ, ಮುಂಭಾಗ ಗಡಗಡ ಅನ್ನುತ್ತಿತ್ತು. ಸ್ಟೇರಿಂಗು ಹಿಡಿದವನ ಹಲ್ಲೂ ಕಟಕಟ ಅನ್ನುತ್ತಿತ್ತು. ಹಿಡಿದವನು ಶೀನಪ್ಪ. ಗಾಡಿ ಬಂದಂದಿನಿಂದ ಅವನಲ್ಲದೆ ಇನ್ನೊಬ್ಬ ಡ್ರೈವರು ಅದಕ್ಕಿರಲಿಲ್ಲ.

ನಡುಕದ ಕಾರಣ ಶೀನಪ್ಪನಿಗೆ ಮೊದಲ ದಿನವೇ ಗೊತ್ತಿತ್ತು. ನೆಟ್ಟಣದ ಹತ್ತಿರ ಎಡಗಡೆಯ ಮುಂದಿನ ಟಯರು ಕಲ್ಲು ತಾಗಿ ಸೀಳಿದಾಗ, ಒಳಗಿನಿಂದ ಹಳೇ ಟಯರಿನ ತುಂಡೊಂದನ್ನು ಒತ್ತುಕೊಟ್ಟು ಗಾಳಿ ತುಂಬಿಸಿದವನು ಅವನೇ. ಒಂದು ಬದಿ ಭಾರವಾದ ಚಕ್ರ ಓಡುವಾಗ ಕುಣಿಯದೆ ಇನ್ನೇನು ಮಾಡೀತು? ಮನೆಗೆ ಹೋದ ಕೂಡಲೇ ಹೇಳಬೇಕೆಂದೇ ಇದ್ದ. ಆದರೆ ದಾರಿಯಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಗಾಡಿ ನಡುಗುವಾಗ ಅವನ ಕೈ ನಡುಗುವುದು ಕಾಣುತ್ತಿರಲಿಲ್ಲ.

ಕೈಯ ನಡುಕ ಅದಕ್ಕೂ ಮೊದಲೇ, ಆಟಿ ತಿಂಗಳ ಜಡಿಮಳೆಯಲ್ಲಿ ಬಂದದ್ದು. ಕುಡಿತವಿಲ್ಲ, ಜ್ವರವಿಲ್ಲ, ಸುಮ್ಮನೆ ಬಂದು ಕೂತಿತ್ತು. ಹೆಂಡತಿ ಅಮ್ಮುವಿಗೂ ಹೇಳಿರಲಿಲ್ಲ. ಭಟ್ಟರಿಗೆ ತಿಳಿದರೆ ಸ್ಟೇರಿಂಗು ಹೋಯಿತು. ಅದು ಹೋದರೆ ಅವನಿಗೆ ಬೇರೆ ಏನು ಗೊತ್ತು? ಆ ಕೈಯಲ್ಲಿ ಅಡಿಕೆ ಮರ ಹತ್ತಲಾಗುತ್ತದೆಯೇ? ಹೆದರಿ ಬಾಯಿ ಮುಚ್ಚಿಕೊಂಡ.

ಹಾಗಾಗಿ ಕಬಕದ ಮೆಕ್ಯಾನಿಕ್ ಅದ್ರಾಮ, "ನಿಮಗೆ ಎಂತ ಅನಿಸ್ತದೆ ಶೀನಪ್ಪಣ್ಣ?" ಎಂದು ಕೇಳಿದಾಗ, "ಮುಂದಿನ ಚಕ್ರದ ಕಿಂಗ್‌ಪಿನ್ನು ಸವೆದಿರಬೇಕು" ಎಂದುಬಿಟ್ಟ. ಪಿನ್ನು ಬದಲಾಯಿತು. ಆಮೇಲೆ ಬೇರಿಂಗು, ಆಮೇಲೆ ಸ್ಪ್ರಿಂಗಿನ ಪಟ್ಟಿ. ನಡುಕ ಮಾತ್ರ ಇದ್ದಲ್ಲೇ ಇತ್ತು.

ಆಗ ಭಟ್ಟರ ತಲೆ ಓಡಿತು. ಓಡಬಾರದಿತ್ತು, ಓಡಿತು. ಪುತ್ತೂರಿನ ದಾರಿಯಲ್ಲಿ ಗುಳಿಗ ದೈವದ ಕಟ್ಟೆಗಳುಂಟಲ್ಲ, ಯಾವ ಗಾಡಿಯಾದರೂ ಅಲ್ಲಿ ವೇಗ ಇಳಿಸಿ, ನಾಣ್ಯ ಹಾಕಿ, ಕೈಮುಗಿದು ಮುಂದೆ ಹೋಗುವುದು ಪದ್ಧತಿ.

"ನೋಡಿದಿಯಾ ಮಾರಾಯ, ಕಟ್ಟೆ ಹತ್ತಿರ ಬಂದರೆ ನಡುಕ ನಿಲ್ತದೆ. ದಾಟಿದ್ದೇ ತಡ, ಪುನಃ ಶುರು. ದೈವದ್ದೇ ಎಂತದೋ ಉಂಟು."

ಮೆಲ್ಲ ಹೋದರೆ ಈ ಗಾಡಿ ಎಲ್ಲಿಯೂ ನಡುಗುವುದಿಲ್ಲ ಎಂಬುದು ಅವರಿಗೆ ಹೊಳೆಯಲೇ ಇಲ್ಲ. "ಇರ್ಬಹುದು ಭಟ್ರೆ" ಎಂದ ಶೀನಪ್ಪ. ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ದೈವಕ್ಕೆ ಅಸಮಾಧಾನ ಉಂಟೆಂದು ಬಂತು. ಸೀಯಾಳ, ಹೊದಳು ಇಟ್ಟು ತಂಬಿಲದ ಸೇವೆ ಕೊಟ್ಟರು. ಟಯರಿನ ತಪ್ಪನ್ನು ಪಾಪ, ಗುಳಿಗ ಹೊತ್ತುಕೊಂಡಿತು.

ಮರುದಿನ ಭಟ್ಟರ ಹೆಂಡತಿ ಗೋದಾವರಿಯಮ್ಮ ಪುತ್ತೂರಿನ ತಂಗಿಯ ಮನೆಗೆಂದು ಮುಂದಿನ ಸೀಟಿನಲ್ಲಿ ಗಂಡನ ಪಕ್ಕ ಕೂತರು. ಕಟ್ಟೆಗೆ ಭಕ್ತಿಯಿಂದಲೇ ಕೈಮುಗಿದರು. ಸ್ವಲ್ಪ ದೂರ ಹೋಗಿ ನಡುಕ ಪುನಃ ಶುರುವಾದ ಮೇಲೆ, "ಇಲ್ಲಿಯೂ ಹಾಗೆಯೇ ಮೆಲ್ಲ ಬಿಡು, ನೋಡುವಾ" ಎಂದರು. ಬಿಡದೆ ಶೀನಪ್ಪನಿಗೆ ಉಪಾಯವಿರಲಿಲ್ಲ. ನಡುಕ ನಿಂತಿತು.

"ಇಲ್ಲಿ ಯಾವ ದೈವ ಉಂಟು?" ಎಂದು ಗಂಡನನ್ನು ಕೇಳಿದರು. ಭಟ್ಟರು ಹೊರಗಿನ ಗುಡ್ಡ ನೋಡತೊಡಗಿದರು.

ಹೆಂಡತಿಯನ್ನು ಬಿಟ್ಟು, ಅಡಿಕೆ ಇಳಿಸಿ, ಭಟ್ಟರು ಗಾಡಿಯನ್ನು ಕಬಕಕ್ಕೆ ಕೊಂಡೊಯ್ಯಿಸಿದರು. ಸಂಗತಿ ಕೇಳಿದ ಅದ್ರಾಮ ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಒಂದು ಸುತ್ತು ಓಡಿಸಿದ. ಸ್ಟೇರಿಂಗಿನ ನಡುಕ ಹೋಗಿ ಸೀಟಿನ ಹಿಂದೆ ಸೇರಿತ್ತು. ಟಯರು ಬಿಚ್ಚಿದರೆ ತುಂಡು ಸಿಕ್ಕಿತು. "ಇದನ್ನು ಇಟ್ಟವ ಯಾರು?" ಎಂದ. ಶೀನಪ್ಪನಿಗೆ ಆಗಲೇ ಚಹಾ ಕುಡಿಯಬೇಕೆನಿಸಿ ಹೋಟೆಲಿಗೆ ನಡೆದ.

ಟಯರು ಬದಲಾಯಿಸಿ ಹೊರಟರು. ನೇರ ರಸ್ತೆ ಸಿಕ್ಕಿದಾಗ ಗಾಡಿ ಮೂವತ್ತು ದಾಟಿದರೂ ತೊಟ್ಟಿಲಲ್ಲಿ ಕೂತ ಹಾಗಿತ್ತು. ಭಟ್ಟರಿಗೆ ಖುಷಿಯೋ ಖುಷಿ. ಆಮೇಲೆ ಅವರ ಕಣ್ಣು ಸ್ಟೇರಿಂಗಿನ ಮೇಲೆ ಬಿತ್ತು. ಗಾಡಿ ಸುಮ್ಮನಿತ್ತು. ಎರಡು ಕೈಗಳು ನಡುಗುತ್ತಿದ್ದವು.

"ನಿಲ್ಲಿಸು."

ನಿಲ್ಲಿಸಿದ.

"ತುಂಡು ಇಟ್ಟದ್ದು ನೀನು."

"ಹೌದು."

"ಗೊತ್ತಿದ್ದೂ ನನ್ನತ್ರ ತಂಬಿಲ ಕೊಡಿಸಿದೆ."

"ಹೌದು ಭಟ್ರೆ."

"ಇವತ್ತು ಬೆಳಿಗ್ಗೆ ನನ್ನ ಹೆಂಡತಿಯನ್ನು ಕೂರಿಸಿಕೊಂಡು, ಈ ಕೈಯಲ್ಲಿ..." ಸಿಟ್ಟಿಗೆ ಭಟ್ಟರು ಸೀಟಿಗೆ ಗುದ್ದಿದರು. ಶೀನಪ್ಪ ಕೈಗಳನ್ನು ತೊಡೆಯಡಿಗೆ ತುರುಕಿಕೊಂಡ. ಅಳು ಬಂತು. ಅತ್ತದ್ದಕ್ಕೆ ನಾಚಿಕೆಯೂ ಆಯಿತು.

ಭಟ್ಟರು ಇಳಿದು, ಸುತ್ತು ಬಂದು, ಅವನ ಬದಿಯ ಬಾಗಿಲು ತೆಗೆದರು. "ಆಚೆ ಹೋಗು." ಶೀನಪ್ಪ ಸರಿದ. ಜನ್ಮದಲ್ಲಿ ಎತ್ತಿನ ಗಾಡಿಯನ್ನೂ ಹೊಡೆಯದ ಭಟ್ಟರು ಪಂಚೆ ಎತ್ತಿ ಕಟ್ಟಿ ಸ್ಟೇರಿಂಗಿನ ಎದುರು ಕೂತರು.

"ಈಗ ಎಂತ ಒತ್ತುದು?"

"ಎಡಗಾಲಲ್ಲಿ ಕ್ಲಚ್ಚು. ನಿಮಗೆ ಯಾಕೆ ಭಟ್ರೆ ಇದು?"

"ಕಲಿಸು. ನನ್ನ ತಲೆಗೆ ಬೇಗ ಹತ್ತುದಿಲ್ಲ, ಮೊದಲೇ ಹೇಳ್ತೇನೆ. ಅಲ್ಲಿಯವರೆಗೆ ನೀನು ಪಕ್ಕದಲ್ಲಿ ಇರಬೇಕು." ಸ್ವಲ್ಪ ತಡೆದು, "ಕಲಿತ ಮೇಲೂ" ಎಂದರು.

ಶೀನಪ್ಪ ಅಂಗಿಯ ತೋಳಿಗೆ ಮೂಗು ಒರೆಸಿಕೊಂಡ. ಗೇರು ಹಾಕಿಕೊಟ್ಟು, "ಕ್ಲಚ್ಚು ಮೆಲ್ಲ ಬಿಡಿ" ಎಂದ. ಭಟ್ಟರು ಒಮ್ಮೆಲೇ ಬಿಟ್ಟರು. ಇಡೀ ಗಾಡಿ ಗಡಗಡ ನಡುಗಿ ನಿಂತುಹೋಯಿತು.

"ಇದು ಯಾವುದರ ದೋಷ?" ಭಟ್ಟರು ಕೇಳಿದರು.

"ಡ್ರೈವರದ್ದು, ಭಟ್ರೆ" ಎಂದ ಶೀನಪ್ಪ.