ಹೋಲಿಕೆ ಗುಂಪು

ವಯಸ್ಕರ ಸಂಜೆ ಶಾಲೆಯಿಂದ ಯಾರಿಗಾದರೂ ಉಪಯೋಗವಾಗಿದೆಯೇ ಎಂದು ಅಳೆಯಲು ಕಚೇರಿ ನನ್ನನ್ನು ಕಳಿಸಿತ್ತು. ಆಗಿಲ್ಲವೆಂದರೆ ಶಾಲೆಗೆ ಬೀಗ. ಮೊದಲೇ ಚೀಟಿ ಎತ್ತಿ ಅರ್ಧ ಜನರನ್ನು ಸೇರಿಸಿಕೊಂಡು ಇನ್ನರ್ಧ ಜನರನ್ನು ಬಿಟ್ಟಿದ್ದರೆ, ಇಬ್ಬರನ್ನೂ ಹೋಲಿಸಿ ಅಳೆಯುವುದು ಸುಲಭವಿತ್ತು. ಟೀಚರಮ್ಮ ಬಾಗಿಲಿಗೆ ಬಂದವರನ್ನೆಲ್ಲ ಒಳಗೆ ಕೂರಿಸಿಬಿಟ್ಟಿದ್ದರು. ಕೆಲವರಿಗೆ ಕರುಣೆಯೇ ಕಾಯಿಲೆ.

“ಶಾಲೆಗೆ ಬಾರದವರ ಹೋಲಿಕೆ ಗುಂಪೊಂದು ಬೇಕು” ಎಂದು ಫೋನಿನಲ್ಲಿ ಗತ್ತಿನಿಂದ ಹೇಳಿದ್ದೆ. ಹೋಗಿ ನೋಡಿದರೆ ಬೆಂಚಿನ ಮೇಲೆ ಇಸ್ತ್ರಿ ಅಂಗಡಿಯ ಅವಳಿ ಸೋದರರು! ಒಂದೇ ಮೀಸೆ, ಒಂದೇ ಬೊಜ್ಜು.

“ಇದಕ್ಕಿಂತ ಹೋಲಿಕೆ ಇನ್ನೆಲ್ಲಿ ಸಿಗತ್ತೆ ಸಾರ್?” ಎಂದರು ಟೀಚರಮ್ಮ. “ಅಣ್ಣ ಶಾಲೆಗೆ ಬರ್ತಾನೆ, ತಮ್ಮ ಅಂಗಡಿ ನೋಡ್ಕೋತಾನೆ.”

ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಹೊಳೆಯಿತು. ಒಂದೇ ತಾಯಿ, ಒಂದೇ ವಯಸ್ಸು, ಒಂದೇ ಕಸುಬು, ವ್ಯತ್ಯಾಸ ಶಾಲೆಯೊಂದೇ. ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತ್ತು.

ಅಣ್ಣನ ಕೈಗೆ ಪತ್ರಿಕೆ ಕೊಟ್ಟೆ. “ಭಾರಿ ಗಾಳಿಗೆ ಛಾವಣಿ ಹಾರಿ...” ‘ಭಾ’ ಬಂದಾಗೊಮ್ಮೆ, ‘ಛಾ’ ಬಂದಾಗೊಮ್ಮೆ ಹೊಟ್ಟೆ ಒತ್ತಿಕೊಂಡ.

“ಮಹಾಪ್ರಾಣಕ್ಕೆ ಉಸಿರು ಹೊಟ್ಟೆಯಿಂದ ಬರ್ಬೇಕು ಸಾರ್. ಅದು ನಂದೇ ಉಪಾಯ!” ಎಂದು ಟೀಚರಮ್ಮ ಬೀಗಿದರು.

ಆಮೇಲೆ ತಮ್ಮ. ನಾನು ಪತ್ರಿಕೆಯ ಸಾಲಿಗೆ ಬೆರಳಿಟ್ಟು, ತಲೆಯೆತ್ತದೆ ಅವನ ಓದು ಕೇಳಿಸಿಕೊಂಡೆ. ಅವನೂ ಎಲ್ಲೂ ಎಡವಲಿಲ್ಲ.

“ಕಲಿತವನೂ ಅಷ್ಟೇ, ಕಲಿಯದವನೂ ಅಷ್ಟೇ. ಪರಿಣಾಮ ಸೊನ್ನೆ” ಎಂದೆ.

ಟೀಚರಮ್ಮನ ಮುಖ ಸಪ್ಪಗಾಯಿತು. “ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತಲ್ಲ ಸಾರ್ ನನ್ನ ಕೆಲಸ!”

ನನಗೂ ಪಾಪ ಅನ್ನಿಸಿತು. ಆದರೂ ಬರೆಯಲು ಪೆನ್ನು ತೆಗೆದೆ.

“ಮುಂದೆ ಓದ್ಲಾ ಸಾರ್?” ತಮ್ಮನಿಗೆ ಹುರುಪು ಬಂದಿತ್ತು. “ಸಭೆಯಲ್ಲಿ ಘೋಷಣೆ...”

ಈ ಸಲ ಅವನನ್ನೇ ನೋಡುತ್ತಿದ್ದೆ. ‘ಭೆ’ಗೆ ಕೈ ಹೊಟ್ಟೆಗೆ ಹೋಯಿತು. ‘ಘೋ’ಗೆ ಮತ್ತೆ ಹೋಯಿತು.

“ಇದನ್ನ ಯಾರಪ್ಪಾ ನಿಂಗೆ ಕಲಿಸಿದ್ದು?”

ಅವಳಿಗಳು ಮುಖಮುಖ ನೋಡಿಕೊಂಡರು. “ತಪ್ಪಾಯ್ತು ಸಾರ್,” ಎಂದ ಅಣ್ಣ. “ಅಂಗಡೀಲಿ ಒಬ್ರು ಇರ್ಲೇಬೇಕು. ಒಂದಿನ ನಾನು, ಒಂದಿನ ಇವ್ನು ಬರ್ತಿದ್ವಿ. ಬಂದವ್ರು ರಾತ್ರಿ ಇನ್ನೊಬ್ರಿಗೆ ಹೇಳ್ಕೊಡ್ತಿದ್ವಿ.”

ಒಬ್ಬನ ಜಾಗದಲ್ಲಿ ಇಬ್ಬರಿಗೆ ಅಕ್ಷರ ಕಲಿಸಿದ ಶಾಲೆಗೆ ಸೊನ್ನೆ ಸುತ್ತಿ ಬೀಗ ಹಾಕಿಸುತ್ತಿದ್ದೆ. ‘ಶಾಲೆ ನಡೆಯಲಿ’ ಎಂದು ಬರೆದು, ಟೀಚರಮ್ಮನಿಗೆ ಓದಿ ಹೇಳಿದೆ.

ಅವರು ಕಣ್ಣೊರೆಸಿಕೊಂಡು ಅವಳಿಗಳ ಕಡೆ ತಿರುಗಿದರು. “ಅದಕ್ಕೇ ಮತ್ತೆ! ಒಂದಿನ ಬುದ್ಧಿವಂತ, ಮಾರನೇ ದಿನ ಶತದಡ್ಡ!”

“ದಡ್ಡ ಯಾರಮ್ಮಾ?” ಇಬ್ಬರೂ ಒಟ್ಟಿಗೇ ಕೇಳಿದರು.

“ನಾಳೆಯಿಂದ ಇಬ್ರೂ ಬನ್ನಿ,” ಎಂದರು ಟೀಚರಮ್ಮ. “ನೋಡಿ ಹೇಳ್ತೀನಿ.”