ಅಪ್ಪನ ಒಂದು ವಾರ

“ಅಲ್ಲೇ ನಿಲ್ಲು! ಕೂಸನ್ನ ಒಳಗೆ ತರಬೇಡ!”

ಸೋದರತ್ತೆ ಎರಡೂ ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. ಮಗುವನ್ನು ಎದೆಗವಚಿಕೊಂಡಿದ್ದ ಮಗಳು ಹೊಸ್ತಿಲಲ್ಲೇ ನಿಂತಳು. ಒಳಗೆ ಹಜಾರದಲ್ಲಿ ಅಪ್ಪನನ್ನು ಮಲಗಿಸಿದ್ದರು. ಹೊರಗೆ ಹೆಣ ಒಯ್ಯುವ ವ್ಯಾನು ಬಂದು ನಿಂತಿತ್ತು. ಅದರ ಇಂಜಿನ್ ಆರಿಸಿರಲಿಲ್ಲ.

“ಒಂದೇ ಒಂದು ಸಲ, ಅತ್ತೆ. ಇವಳನ್ನ ಅಪ್ಪ ಮುಟ್ಟೇ ಇಲ್ಲ.”

“ಯಾಕೆ ಮುಟ್ಟಲಿಲ್ಲ ಅಂತ ಅವನಿಗೆ ಗೊತ್ತಿತ್ತು! ಲಿವರ್‌ಗೆ ಹಾಕಿದ ಆ ಕಿರಣದ ಮಣಿ ಇನ್ನೂ ಒಳಗೇ ಇದೆ ಕಣೇ.”

ಮಗಳು ಹಿಂದೆ ಸರಿದಳು. ಮತ್ತೆ ಮುಂದೆ ಬಂದಳು. ಹೋಗಲೂ ಧೈರ್ಯವಿಲ್ಲ, ಬಿಡಲೂ ಮನಸ್ಸಿಲ್ಲ.

*

ಆಗ ಅವಳು ತುಂಬು ಬಸುರಿ. ಅಪ್ಪನ ಲಿವರ್‌ನ ಗಡ್ಡೆಗೆ, ತೊಡೆಯ ರಕ್ತನಾಳದಿಂದ ನಳಿಕೆ ತೂರಿಸಿ, ವಿಕಿರಣ ಸೂಸುವ ಪುಟ್ಟ ಪುಟ್ಟ ಮಣಿಗಳನ್ನು ಬಿಟ್ಟಿದ್ದರು. ಒಂದು ವಾರ ಬಸುರಿಯರು, ಮಕ್ಕಳು ಹತ್ತಿರ ಬರುವುದು ಬೇಡ ಎಂದಿದ್ದರು ಡಾಕ್ಟರು. ವಾರ ಕಳೆದು ನೋಡಲು ಹೋದರೆ ಅಪ್ಪ ಅವಳ ಕುರ್ಚಿಯನ್ನು ಎದುರುಗೋಡೆಗೆ ತಳ್ಳಿದ್ದ.

“ಇನ್ನೂ ಹಿಂದೆ... ಇನ್ನೂ ಸ್ವಲ್ಪ ಹಿಂದೆ.”

“ಗೋಡೆ ಒಡ್ಕೊಂಡು ಹೋಗ್ಲಾ ಅಪ್ಪ?”

ಜೀವಮಾನವಿಡೀ ಬಸ್ಸಿನಲ್ಲಿ ‘ಒತ್ತಿ ನಿಂತ್ಕೊಳ್ಳಿ, ಜಾಗ ಇದೆ’ ಎಂದು ಜನರನ್ನು ತುರುಕಿದ ಕಂಡಕ್ಟರ್ ಆತ. ನಗಲಿಲ್ಲ. ಮಗು ಹುಟ್ಟಿದ ಮೇಲೂ ಅಷ್ಟೇ, ಅವಳು ಬಂದಾಗಲೆಲ್ಲ ಕಿಟಕಿಯಾಚೆಯಿಂದ ನೋಡಿ ಹೋಗಿಬಿಡುತ್ತಿದ್ದ. ಹೆಣ್ಣೆಂದು ಬೇಸರವೇನೋ ಎಂದು ಅವಳು ಮುಖ ಊದಿಸಿಕೊಂಡು, ಕೊನೆಗೆ ತವರಿಗೆ ಬರುವುದನ್ನೇ ನಿಲ್ಲಿಸಿದ್ದಳು.

*

“ಡಾಕ್ಟರು ಅವತ್ತೇ ಹೇಳಿದ್ರಮ್ಮ,” ಎಂದ ಅಪ್ಪನ ಬಸ್ಸಿನ ಡ್ರೈವರ್, ಜನರನ್ನು ಸರಿಸಿಕೊಂಡು ಬಂದು. “ಮಣಿ ಒಳಗೇ ಇರುತ್ತೆ, ಕಿರಣ ಆರಿಹೋಗುತ್ತೆ, ಕೆಂಡ ಬೂದಿಯಾದ ಹಾಗೆ ಅಂತ. ನಾನೇ ಪಕ್ಕದಲ್ಲಿದ್ದೆ. ನಿಮ್ಮಪ್ಪ ಬಿಡಬೇಕಲ್ಲ! ‘ಬೂದಿ ಮುಚ್ಚಿದ ಕೆಂಡ ಅನ್ನೋದಿಲ್ವಾ ಸಾರ್’ ಅಂತ ಅವರನ್ನೇ ತಿರುಗಿ ಕೇಳಿದ.”

“ನಾನೂ ಹೇಳಿ ಹೇಳಿ ಸೋತೆ,” ಅಮ್ಮ ಮೂಲೆಯಿಂದ ಬಿಕ್ಕಿದಳು. “‘ಅವಳಿಗೆ ಹೇಳ್ಬೇಡ, ಹಟಮಾರಿ, ತಂದು ತೊಡೆ ಮೇಲೇ ಹಾಕ್ತಾಳೆ’ ಅಂತ ನನ್ನ ಬಾಯಿ ಮುಚ್ಚಿಸಿದ್ರು. ನೀನು ಹೊರಟ ಮೇಲೆ ಕೂಸು ಮಲಗಿದ್ದ ಹಾಸಿಗೆ ಮೇಲೆ ಕೈ ಇಟ್ಕೊಂಡು ಕೂತಿರ್ತಿದ್ರು ಕಣೇ. ಇನ್ನೂ ಬೆಚ್ಚಗಿದೆ ನೋಡು ಅನ್ನೋರು.”

ಮಗಳಿಗೆ ತನ್ನ ಮೇಲೇ ಸಿಟ್ಟು ಬಂತು, ಅಪ್ಪನ ಮೇಲೆ ಅದಕ್ಕಿಂತ ಹೆಚ್ಚು. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ಹೊರಲು ಬಂದವರು ಬಗ್ಗಿದರು.

“ತಾಳಿ!”

ಅವಳು ಅತ್ತೆಯ ತೋಳಿನ ಕೆಳಗೆ ನುಸುಳಿ ಒಳಗೆ ಬಂದಳು. ಮಗುವನ್ನು ಅಪ್ಪನ ಎದೆಯ ಮೇಲೆ ಬೋರಲು ಮಲಗಿಸಿ, ಜಾರದಂತೆ ಹಿಡಿದಳು. ಮಗು ತಲೆಯೆತ್ತಿ ಸುತ್ತಲೂ ನೋಡಿತು. ಅಳಲಿಲ್ಲ. ಆಮೇಲೆ ಕೆನ್ನೆಯನ್ನು ಅಲ್ಲೇ ಊರಿ, ಅಂಗಿಯ ಕಾಲರನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು.

ಅತ್ತೆ ಧಡಧಡ ಹತ್ತಿರ ಬಂದಳು. ಕಿತ್ತುಕೊಳ್ಳಲು ಬಂದಳೆಂದು ಮಗಳು ಮಗುವನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅತ್ತೆ ಬಗ್ಗಿ, ತಮ್ಮನ ಕೈಯನ್ನು ಮೆಲ್ಲಗೆ ಎತ್ತಿ, ಮಗುವಿನ ಬೆನ್ನ ಮೇಲಿಟ್ಟಳು.